ದೇವರಗೂಡಿನಲ್ಲಿ ಸಿಕ್ಕ ಮುಡಿಪು: ನಿತ್ಯಪೂಜೆ ತಪ್ಪಿದರೆ, ಕಾಶಿಗೆ ಹೋಗಲಾಗದಿದ್ದರೆ

ಪ್ರಶ್ನೆ: ನನಗೆ 54 ವರ್ಷ, ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮ ಅತ್ತೆ ಎರಡು ವರ್ಷದ ಹಿಂದೆ ತೀರಿಕೊಂಡರು. ಮಾವನವರಿಗೆ 86, ನಾಲ್ಕು ವರ್ಷದಿಂದ ಹಾಸಿಗೆಯಲ್ಲಿದ್ದಾರೆ, ನೆನಪು ಬಹುಮಟ್ಟಿಗೆ ಹೋಗಿದೆ. ಅವರು ಮಲಗಿದ ಮೇಲೆ ಅತ್ತೆಯೇ ಸಾಲಿಗ್ರಾಮಕ್ಕೂ ನೀರು ಹಾಕಿ ಪೂಜೆ ಮಾಡುತ್ತಿದ್ದರು. ಒಂದು ಗಂಟೆಗೆ ಕಡಿಮೆ ಇಲ್ಲ. ಅವರು ಹೋದ ಮೇಲೆ ಒಂದು ವರ್ಷ ದೀಪವನ್ನೇ ಹಚ್ಚಬಾರದೆಂದು ಹಿರಿಯರೊಬ್ಬರು ಹೇಳಿದ್ದರಿಂದ ದೇವರ ಬಾಗಿಲು ಮುಚ್ಚಿದ್ದೆವು. ಈಗ ನಾನು ಮಾಡುತ್ತೇನೆ, ಆದರೆ ವಾರದಲ್ಲಿ ಎರಡು ಮೂರು ದಿನ ತಪ್ಪುತ್ತದೆ. ಅತ್ತೆಗೆ ಕಾಶಿ ನೋಡುವ ಆಸೆ ಇತ್ತು, ಕೊನೆಗೂ ಆಗಲಿಲ್ಲ. ಕಳೆದ ತಿಂಗಳು ದೇವರಗೂಡು ಒರೆಸುವಾಗ ಹಿಂದಿನ ಮೂಲೆಯಲ್ಲಿ ಅರಿಸಿನದ ಬಟ್ಟೆಯ ಒಂದು ಮುಡಿಪು ಸಿಕ್ಕಿತು. ಒಳಗೆ ಒಂದಿಷ್ಟು ಹಳೆಯ ಪಾವಲಿಗಳು, ಒಂದು ಜೊತೆ ಬೆಳ್ಳಿಯ ಕಣ್ಣು. ಯಾವ ದೇವರದೋ ಗೊತ್ತಿಲ್ಲ. ಮಗಳ ಮದುವೆ ನಿಶ್ಚಯವಾಗಿ ಮುರಿದದ್ದು, ಯಜಮಾನರ ಮಂಡಿನೋವು, ಎಲ್ಲಕ್ಕೂ ಪೂಜೆ ತಪ್ಪಿದ್ದು, ಹರಕೆ ಉಳಿದದ್ದು, ಕಾಶಿ ಆಗದ್ದೇ ಕಾರಣ ಎನ್ನುತ್ತಾರೆ. 35,000 ರೂಪಾಯಿಯ ಪರಿಹಾರ ಹೋಮ ಮಾಡಿಸಲು ಒಬ್ಬರು ಹೇಳಿದ್ದಾರೆ. ಮಾವನವರನ್ನು ಬಿಟ್ಟು ಕಾಶಿಗೆ ಹೋಗುವುದು ಹೇಗೆ? ಹೋಗದಿದ್ದರೆ ದೋಷವೇ? ಮನೆಯಲ್ಲೇ ದೇವರಿರುವಾಗ ಅಷ್ಟು ದೂರ ಹೋಗುವುದಾದರೂ ಯಾಕೆ?

ಉತ್ತರ: ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ನಾಲ್ಕಾರು ಪ್ರಶ್ನೆ, ಅವುಗಳ ಕೆಳಗಿರುವುದು ಒಂದೇ ಭಯ. ಅತ್ತೆ ನಡೆಸಿಕೊಂಡು ಬಂದದ್ದು ನಿಮ್ಮ ಕೈಯಲ್ಲಿ ಕೆಟ್ಟಿತೇ, ಅದರ ಫಲವನ್ನು ಮಗಳು ಉಣ್ಣುತ್ತಿದ್ದಾಳೆಯೇ ಎಂಬುದು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪೌರೋಹಿತ್ಯ ಮಾಡಿಕೊಂಡು, ಸಂಸ್ಕೃತ ಪಾಠ ಹೇಳಿಕೊಂಡು, ನಡುನಡುವೆ ಯಾತ್ರೆಯ ತಂಡಗಳನ್ನು ಕಾಶಿಗೆ ಕರೆದುಕೊಂಡು ಹೋಗಿ ಬಂದವನು ನಾನು. ಈ ಭಯವನ್ನು ಹೊತ್ತು ಬರುವವರಲ್ಲಿ ಹೆಚ್ಚಿನವರು ನಿಮ್ಮಂತೆ ಬೆಳಗಿನಿಂದ ರಾತ್ರಿಯವರೆಗೆ ಮನೆಯವರಿಗಾಗಿ ದುಡಿಯುವ ಹೆಂಗಸರು. ಅದನ್ನು ನೋಡಿ ನನಗೆ ಎಷ್ಟೋ ಸಲ ಸಂಕಟವಾಗಿದೆ.

ಮೊದಲು ಆ ಮುಡಿಪಿನ ಮಾತು. ಒಳಗಿರುವುದು ಪಾವಲಿ ಎಂದಿದ್ದೀರಿ. ಇಪ್ಪತ್ತೈದು ಪೈಸೆಯ ನಾಣ್ಯ 2011ರ ಜೂನ್ 30ರ ನಂತರ ಚಲಾವಣೆಯಲ್ಲಿಲ್ಲ. ಯಾರೂ ಸಲ್ಲದ ಕಾಸನ್ನು ದೇವರಿಗೆಂದು ತೆಗೆದಿಡುವುದಿಲ್ಲವಾದ್ದರಿಂದ ಆ ಗಂಟು ಅದಕ್ಕೂ ಹಿಂದಿನದು. ಅದಾದ ಮೇಲೆ ನಿಮ್ಮ ಮನೆಯಲ್ಲಿ ಎಷ್ಟು ಒಳ್ಳೆಯದಾಗಿರಬೇಡ! ಮಗಳು ಓದಿದ್ದಾಳೆ, ನೀವು ನೌಕರಿ ಮಾಡಿದ್ದೀರಿ, ಹಬ್ಬಗಳು ನಡೆದಿವೆ. ಅಷ್ಟೂ ವರ್ಷ ಸುಮ್ಮನಿದ್ದ ಹರಕೆ ಗೂಡು ಒರೆಸುವಾಗ ಕೈಗೆ ಸಿಕ್ಕಿದ ಮಾತ್ರಕ್ಕೆ, ಅದಕ್ಕೂ ಮೊದಲೇ ಮುರಿದಿದ್ದ ಮದುವೆಗೆ ಕಾರಣವಾಯಿತು ಎಂದರೆ ಲೆಕ್ಕ ಕೂಡುವುದಿಲ್ಲ. ನೀವು ಗಣಿತ ಹೇಳಿಕೊಡುವವರು, ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಬೆಳ್ಳಿಯ ಕಣ್ಣು. ಕಣ್ಣಿನ ಬೇನೆ ವಾಸಿಯಾದರೆ ಒಪ್ಪಿಸುತ್ತೇನೆಂದು ಹರಸಿಕೊಂಡಾಗ ಇಡುವ ವಸ್ತು ಅದು. ನಮ್ಮಲ್ಲಿ ಹೆಚ್ಚಾಗಿ ದೇವಿಯ ಸನ್ನಿಧಿಗಳಿಗೆ ಸಲ್ಲುತ್ತದೆ. ಕಾಶಿಗೂ ಅದಕ್ಕೂ ಸಂಬಂಧವಿದ್ದಂತೆ ಕಾಣುವುದಿಲ್ಲ. ಆ ಕಾಲಕ್ಕೆ ಮನೆಯಲ್ಲಿ ಯಾರಿಗಾದರೂ ಕಣ್ಣಿನ ತೊಂದರೆ ಆಗಿತ್ತೇ, ಕಣ್ಣಿನ ಪೊರೆ ತೆಗೆಸಿದ್ದರೇ ಎಂದು ನಿಮ್ಮ ಯಜಮಾನರನ್ನೂ ನಾದಿನಿಯರನ್ನೂ ಕೇಳಿ. ನೆನಪಿನ ಒಂದು ಎಳೆ ಸಿಕ್ಕರೆ ದೇವರ ಹೆಸರೂ ಸಿಗುತ್ತದೆ. ಸಿಗದಿದ್ದರೆ ಹಿರಿಯರು ಮಾಡಿಕೊಂಡು ಬಂದ ಕ್ರಮ ಸರಳವಾಗಿದೆ: ಮನೆದೇವರ ಸನ್ನಿಧಿಗೆ ಹೋದಾಗ "ಇದು ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಲಿ" ಎಂದು ಹೇಳಿ ಹುಂಡಿಗೆ ಹಾಕುವುದು. ಪಾವಲಿಗಳ ಜೊತೆಗೆ ಇವತ್ತು ಸಲ್ಲುವ ಒಂದಿಷ್ಟು ಹಣ ಸೇರಿಸಿ. ಅದಕ್ಕೆ ಹೋಮ ಬೇಕಿಲ್ಲ.

ಹರಕೆ ಬೇರೆ, ಆಸೆ ಬೇರೆ. "ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ" ಎಂದು ದೇವರ ಮುಂದೆ ನಿಂತು ಮಾತು ಕೊಟ್ಟರೆ ಅದು ಹರಕೆ. "ಒಂದು ಸಲ ಕಾಶಿ ನೋಡಬೇಕಿತ್ತು" ಎನ್ನುವುದು ಆಸೆ. ನಿಮ್ಮ ಪತ್ರದಲ್ಲಿ ಅತ್ತೆಯವರ ಆಸೆ ಕಾಣುತ್ತದೆ, ಹರಕೆ ಕಾಣುವುದಿಲ್ಲ. ಹಿರಿಯರ ಆಸೆಯನ್ನು ಮಕ್ಕಳು ಪ್ರೀತಿಯಿಂದ ನಡೆಸಿಕೊಟ್ಟರೆ ದೊಡ್ಡದು, ಆಗದಿದ್ದರೆ ಅದು ಸಾಲವಾಗಿ ಬೆಳೆಯುವುದಿಲ್ಲ.

ಈಗ ನಿತ್ಯಪೂಜೆ. ಇಲ್ಲಿ ನಾನು ನಿಮಗೆ ಹಿತವಾಗಲೆಂದು ಸುಳ್ಳು ಹೇಳಬಾರದು. ಶಾಸ್ತ್ರ ಕರ್ಮಗಳನ್ನು ದಿನವೂ ಮಾಡಬೇಕಾದ ನಿತ್ಯ, ಸಂದರ್ಭ ಬಂದಾಗ ಮಾಡುವ ನೈಮಿತ್ತಿಕ, ಫಲ ಬಯಸಿ ಮಾಡುವ ಕಾಮ್ಯ ಎಂದು ವಿಂಗಡಿಸುತ್ತದೆ. ನಿತ್ಯವನ್ನು ಬಿಟ್ಟರೆ ಪ್ರತ್ಯವಾಯ ಎಂಬ ದೋಷವಿದೆ ಎಂದು ವೇದದ ಕರ್ಮಗಳನ್ನು ವಿಚಾರ ಮಾಡಿದ ಮೀಮಾಂಸಕರು ಹೇಳಿರುವುದು ನಿಜ. ಆದರೆ ಅದು ಬಿಟ್ಟವನ ಅಂತರಂಗದ ಶುದ್ಧಿಗೆ ಸಂಬಂಧಿಸಿದ ಮಾತು. ಪೂಜೆ ತಪ್ಪಿದರೆ ಮಗಳ ಮದುವೆ ಮುರಿಯುತ್ತದೆ, ಗಂಡನ ಮಂಡಿ ಸವೆಯುತ್ತದೆ ಎಂದು ನಾನು ಓದಿದ ಯಾವ ಧರ್ಮಶಾಸ್ತ್ರದಲ್ಲೂ ಇಲ್ಲ. ಎರಡನೆಯದಾಗಿ, ನಿತ್ಯಕರ್ಮವನ್ನು ಎಷ್ಟು ಮಾಡಬೇಕು ಎಂಬುದಕ್ಕೆ ಅದೇ ಶಾಸ್ತ್ರ ಅಳತೆಗೋಲನ್ನೂ ಕೊಟ್ಟಿದೆ. ಅತ್ತೆಯವರು ಸಂಕಲ್ಪ ಹೇಳುವಾಗ "ಯಾವಚ್ಛಕ್ತಿ ಧ್ಯಾನಾವಾಹನಾದಿ ಷೋಡಶೋಪಚಾರ ಪೂಜಾಂ ಕರಿಷ್ಯೇ" ಎಂದದ್ದನ್ನು ನೀವು ನೂರಾರು ಸಲ ಕೇಳಿರುತ್ತೀರಿ. ಯಾವಚ್ಛಕ್ತಿ ಎಂದರೆ ಎಷ್ಟು ಶಕ್ತಿಯಿದೆಯೋ ಅಷ್ಟು. ದೇವರ ಮುಂದೆ ಕುಳಿತ ತಕ್ಷಣ ನಾವು ಆಡುವ ಮೊದಲ ಮಾತಿನಲ್ಲೇ ಆ ವಿನಾಯಿತಿಯನ್ನು ಕೇಳಿ ಪಡೆದಿರುತ್ತೇವೆ.

ಷೋಡಶೋಪಚಾರ ಎಂಬ ಹದಿನಾರು ಉಪಚಾರಗಳನ್ನು ಸ್ವಲ್ಪ ಗಮನಿಸಿ. ಬನ್ನಿ ಎಂದು ಕರೆಯುವುದು, ಕೂರಲು ಮಣೆ ಹಾಕುವುದು, ಕಾಲಿಗೆ ನೀರು, ಕೈಗೆ ನೀರು, ಕುಡಿಯಲು ನೀರು, ಸ್ನಾನ, ಉಡಲು ಬಟ್ಟೆ, ಗಂಧ, ಹೂವು, ಊಟ, ತಾಂಬೂಲ. ಮನೆಗೆ ಬಂದ ನೆಂಟರಿಗೆ ನಮ್ಮ ಅಜ್ಜಿಯರು ಮಾಡುತ್ತಿದ್ದ ಸತ್ಕಾರ ಇದೇ. ನೆಂಟರು ಬಂದಾಗ ಒಂದು ದಿನ ಹೋಳಿಗೆ ಮಾಡುತ್ತೇವೆ, ಇನ್ನೊಂದು ದಿನ ಕೈಯಲ್ಲಾಗದೆ ಅನ್ನ ಸಾರು ಬಡಿಸುತ್ತೇವೆ. ಪ್ರೀತಿಯ ನೆಂಟರು ಅದಕ್ಕೆ ಮುನಿಸಿಕೊಂಡು ಶಾಪ ಹಾಕಿ ಹೋಗುತ್ತಾರೆಯೇ? ಹದಿನಾರಕ್ಕೆ ಆಗದವರಿಗೆ ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ ಎಂಬ ಪಂಚೋಪಚಾರವಿದೆ. ಅದಕ್ಕೂ ಆಗದ ದಿನಕ್ಕೆ ಮಾನಸಪೂಜೆಯಿದೆ. ಇದನ್ನು ಸೋಮಾರಿಗಳ ಅಡ್ಡದಾರಿ ಎಂದುಕೊಳ್ಳಬೇಡಿ. ವಿಸ್ತಾರವಾದ ಪೂಜಾಪದ್ಧತಿಗಳಲ್ಲೂ ಹೊರಗಿನ ಪೂಜೆಗೆ ಮೊದಲು ಮಾನಸಪೂಜೆ ಮಾಡಿಕೊಳ್ಳುವ ವಿಧಿಯಿದೆ.

ನಿಮ್ಮ ಬೆಳಗಿಗೆ ಹೊಂದುವ ಕ್ರಮವನ್ನು ಹೇಳುತ್ತೇನೆ, ಹತ್ತು ನಿಮಿಷಕ್ಕೆ ಮೀರದು. ಸ್ನಾನವಾದ ಮೇಲೆ ನಿನ್ನೆಯ ನಿರ್ಮಾಲ್ಯ ತೆಗೆಯಿರಿ, ಒಂದು ದೀಪ ಹಚ್ಚಿ. ಪಂಚಪಾತ್ರೆಯ ನೀರಿನ ಮೇಲೆ ಕೈಯಿಟ್ಟು "ಗಂಗೇ ಚ ಯಮುನೇ ಚೈವ" ಹೇಳಿ. ಒಂದು ಉದ್ಧರಣೆ (ಪೂಜೆಯ ಚಮಚ) ನೀರನ್ನು ಸಾಲಿಗ್ರಾಮದ ಮೇಲೆ ಬಿಟ್ಟು, ಒರೆಸಿ, ಒಂದು ದಳ ತುಳಸಿ ಏರಿಸಿ. ಗಂಧ, ಒಂದು ಹೂವು, ಊದುಬತ್ತಿ. ನೈವೇದ್ಯಕ್ಕೆ ಒಂದು ಚೂರು ಬೆಲ್ಲ ಅಥವಾ ಒಂದು ಚಮಚ ಹಾಲು ಸಾಕು. ಆರತಿ ಎತ್ತಿ, ಒಂದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಆ ಒಂದು ನಿಮಿಷವನ್ನು ಮಾತ್ರ ಉಳಿತಾಯ ಮಾಡಬೇಡಿ, ಬೇಕಿದ್ದರೆ ಊದುಬತ್ತಿಯನ್ನು ಬಿಡಿ. ಇದೂ ಆಗದ ದಿನ ಶಾಲೆಗೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಇದನ್ನೇ ಮನಸ್ಸಿನಲ್ಲಿ ಮಾಡಿ, ಸಂಜೆ ಬಂದು ದೀಪ ಹಚ್ಚಿ. ಹೊರಗೆ ಹೊರಡುವಾಗ ದೀಪವನ್ನು ಹೂವಿನಿಂದ ಶಾಂತ ಮಾಡಿಯೇ ಹೊರಡಿ. ಹಾಸಿಗೆಯಿಂದ ಏಳಲಾಗದ ಹಿರಿಯರಿರುವ ಮನೆಯಲ್ಲಿ ಕಾವಲಿಲ್ಲದ ಉರಿ ಇರಬಾರದು. ದೀಪ ತಾನಾಗಿಯೇ ಆರಬೇಕು, ನಾವು ಆರಿಸಿದರೆ ಅಪಶಕುನ ಎಂಬುದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಸಾಲಿಗ್ರಾಮವನ್ನು ಹೆಂಗಸರು ಮುಟ್ಟಬಹುದೇ ಎಂಬ ಅಳುಕು ನಿಮ್ಮ ಪತ್ರದ ಸಾಲುಗಳ ನಡುವೆ ಇದೆ. ಕೂಡದು ಎನ್ನುವ ವಚನಗಳೂ ಇವೆ, ಆ ನಿಷೇಧವನ್ನು ಪಾಲಿಸದ ಸಂಪ್ರದಾಯಗಳೂ ಇವೆ. ನಿಮ್ಮ ಮನೆಯ ಮಟ್ಟಿಗೆ ಆ ಪ್ರಶ್ನೆಯನ್ನು ಅತ್ತೆಯವರೇ ಬಗೆಹರಿಸಿ ಹೋಗಿದ್ದಾರೆ. ನಿಮಗೆ ಆದರೂ ಮನಸ್ಸು ಒಪ್ಪದಿದ್ದರೆ ಆ ಒಂದು ಉದ್ಧರಣೆ ನೀರನ್ನು ಯಜಮಾನರು ಹಾಕಲಿ. ನೆಲದಲ್ಲಿ ಕೂರಲು ಅವರ ಮಂಡಿ ಬಿಡದಿದ್ದರೆ ಗೂಡಿನ ಎದುರು ಕುರ್ಚಿ ಹಾಕಿಕೊಳ್ಳಲಿ. ಮುಂದೊಂದು ದಿನ ಇಬ್ಬರಿಗೂ ಆಗದೆಂದಾದರೆ ಪೂಜೆ ನಡೆಸುವ ಬಂಧುಗಳಿಗೆ ಅಥವಾ ನಿಮ್ಮ ಮಠಕ್ಕೆ ಗೌರವದಿಂದ ಒಪ್ಪಿಸಬಹುದು. ಅಶ್ವತ್ಥಕಟ್ಟೆಯ ಬುಡದಲ್ಲಿ ಗಾಜೊಡೆದ ದೇವರ ಪಟಗಳು ಮಳೆಗೆ ನೆನೆಯುತ್ತ ರಾಶಿ ಬಿದ್ದಿರುವುದನ್ನು ನೀವೂ ನೋಡಿರುತ್ತೀರಿ. ಭಯದಿಂದ ಪೂಜಿಸಿದವರು ಕೊನೆಗೆ ಭಯದಿಂದಲೇ ಹಾಗೆ ಇಟ್ಟು ಹೋಗುತ್ತಾರೆ. ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಕೈ ಬದಲಾಯಿಸಿ ಕೊಡುವುದರಲ್ಲಿ ತಪ್ಪಿಲ್ಲ, ಬೀದಿಗೆ ಹಾಕುವುದು ತಪ್ಪು.

ಒಂದು ವರ್ಷ ದೀಪ ಹಚ್ಚಬಾರದೆಂದವರ ಮಾತನ್ನು ಕೇಳಿ ಬಾಗಿಲು ಮುಚ್ಚಿದಿರಿ. ಅದು ತಿಳಿಯದೆ ಆದದ್ದು, ಅದಕ್ಕೆ ಈಗ ಪರಿಹಾರವೇನೂ ಬೇಡ. ಮುಂದೆ ಯಾರಿಗಾದರೂ ಹೇಳಲು ನಿಮಗೆ ತಿಳಿದಿರಲಿ ಎಂದು ಬರೆಯುತ್ತೇನೆ: ಆಶೌಚದ, ಅಂದರೆ ಸಾವಿನ ಸೂತಕದ, ದಿನಗಳು ಕಳೆದು ಶುದ್ಧಿಯಾದ ಮೇಲೆ ನಿತ್ಯಪೂಜೆ ಮತ್ತೆ ನಡೆಯಬೇಕು. ವರ್ಷದ ಮಟ್ಟಿಗೆ ನಿಲ್ಲಿಸುವುದು ಹಬ್ಬದ ಸಂಭ್ರಮ, ಮಂಗಳಕಾರ್ಯ, ತೀರ್ಥಯಾತ್ರೆ ಇಂಥವುಗಳನ್ನು. ಅದರ ವಿವರ ಮನೆತನದಿಂದ ಮನೆತನಕ್ಕೆ ಬೇರೆಯಾಗುತ್ತದೆ. ನಿಮ್ಮಲ್ಲಿ ಮೊದಲ ವರ್ಷದ ಶ್ರಾದ್ಧವಾದ ವರ್ಷಾಬ್ದಿಕ ಮುಗಿದಿರುವುದರಿಂದ ಯಾತ್ರೆಗೂ ಈಗ ತಡೆಯಿಲ್ಲ.

ಮನೆಯಲ್ಲೇ ದೇವರಿರುವಾಗ ಅಷ್ಟು ದೂರ ಹೋಗುವುದು ಯಾಕೆ ಎಂದು ಕೇಳಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಅದು. ತೀರ್ಥ ಎಂಬ ಮಾತನ್ನು ಕನ್ನಡದಲ್ಲಿ ನಾವು ಎರಡು ಕಡೆ ಆಡುತ್ತೇವೆ. ಪೂಜೆಯಾದ ಮೇಲೆ ಅಂಗೈಯಲ್ಲಿ ತೆಗೆದುಕೊಳ್ಳುವ ಮೂರು ಹನಿ ನೀರೂ ತೀರ್ಥ, ಸಾವಿರಾರು ಕಿಲೋಮೀಟರ್ ದೂರದ ಕಾಶಿಯೂ ತೀರ್ಥ. ಸಂಸ್ಕೃತದಲ್ಲಿ ದಾಟು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಪದ ಅದು. ನದಿಯನ್ನು ಇಳಿದು ದಾಟಬಹುದಾದ ಕಡವಿಗೆ ಆ ಹೆಸರು. ಇನ್ನು ನಿಮ್ಮ ಪಂಚಪಾತ್ರೆಯ ನೀರಿನಲ್ಲಿ ದಿನವೂ ಯಾರನ್ನೆಲ್ಲ ಕರೆಯುತ್ತೀರಿ ಎಣಿಸಿ: ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ. ಏಳರಲ್ಲಿ ಸರಸ್ವತಿ ಇವತ್ತು ಕಣ್ಣಿಗೆ ಕಾಣಿಸಳು, ಸಿಂಧುವಿನ ಬಹುಪಾಲು ದೇಶದ ಗಡಿಯಾಚೆ ಹರಿಯುತ್ತದೆ. ಆದರೂ ಹೆಸರು ಹಿಡಿದು ಕರೆಯುವುದನ್ನು ನಾವು ಬಿಟ್ಟಿಲ್ಲ.

ನಿಮ್ಮ ಗೂಡಿನಲ್ಲಿರುವ ಸಾಲಿಗ್ರಾಮವೂ ಒಂದು ದೊಡ್ಡ ಯಾತ್ರೆ ಮಾಡಿ ಬಂದದ್ದೇ. ನೇಪಾಳದಲ್ಲಿ ಸುಮಾರು 3,700 ಮೀಟರ್ ಎತ್ತರದ ಮುಕ್ತಿನಾಥದ ಆಸುಪಾಸಿನ ಕಾಳಿಗಂಡಕಿಯ ಕಣಿವೆ ಅದರ ತವರು. ಅದರ ಮೇಲಿನ ಚಕ್ರದ ಗುರುತು ಅಮ್ಮೊನೈಟ್ ಎಂಬ ಕಡಲಜೀವಿಯ ಚಿಪ್ಪು ಒತ್ತಿದ್ದು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಹಿಮಾಲಯ ಏಳುವ ಮೊದಲು ಅಲ್ಲಿ ಕಡಲಿತ್ತು. ಈ ಮಾತು ಕೇಳಿ ಭಕ್ತಿ ಕುಂದಿದವರನ್ನು ನಾನು ಕಂಡಿಲ್ಲ, ನನಗಂತೂ ಅದನ್ನು ಕೈಯಲ್ಲಿ ಹಿಡಿದಾಗ ಮೈ ನವಿರೇಳುತ್ತದೆ. ಆ ಗಂಡಕಿ ಹರಿದು ಬಂದು ಪಾಟ್ನಾದ ಎದುರು ಸೇರುವುದು ಗಂಗೆಯನ್ನೇ. ಹೀಗೆ ಗಂಗೆಗೆ ಸೇರುವ ಹೊಳೆಯ ಕಲ್ಲಿಗೆ, ಗಂಗೆಯ ಹೆಸರು ಹೇಳಿದ ನೀರನ್ನು ಅತ್ತೆಯವರು ಪ್ರತಿದಿನ ಎರೆದರು. ಅವರು ಕಾಶಿ ನೋಡಲಿಲ್ಲ ಎಂದು ದುಃಖಿಸುವಾಗ ಇದನ್ನೂ ಒಂದಿಷ್ಟು ನೆನೆಯಿರಿ.

ಹಾಗಾದರೆ ಯಾತ್ರೆ ಬೇಡವೇ? ಬೇಕು. ಒಂದು ಸಲ ಮೂವತ್ತು ಜನರ ತಂಡದೊಡನೆ ರೈಲಿನಲ್ಲಿ ಹೋಗುತ್ತಿದ್ದೆ. ಇಟಾರ್ಸಿ ದಾಟಿ ಜಬಲ್ಪುರದ ಕಡೆಗೆ ಸಾಗುತ್ತಿದ್ದ ಬೆಳಗು. ಕೆಳಗಿನ ಬರ್ತಿನಲ್ಲಿದ್ದ ಒಬ್ಬ ತಾಯಿ, ಅರವತ್ತೈದರ ಮೇಲಿನವರು, ಚೀಲದಿಂದ ಸ್ಟೀಲಿನ ಡಬ್ಬಿಯೊಂದನ್ನು ತೆಗೆದರು. ಅದರೊಳಗೆ ಹತ್ತಿಯಲ್ಲಿ ಸುತ್ತಿದ ಸಾಲಿಗ್ರಾಮ, ಒದ್ದೆ ಬಟ್ಟೆಯಲ್ಲಿ ತುಳಸಿ. ರೈಲಿನಲ್ಲಿ ಬೆಂಕಿ ಹಚ್ಚುವಂತಿಲ್ಲವಲ್ಲ, ಹೊಸೆದ ಬತ್ತಿಯೊಂದನ್ನು ಹಾಗೆಯೇ ಪಕ್ಕದಲ್ಲಿಟ್ಟರು. ಡಬ್ಬಿಯ ಮುಚ್ಚಳಕ್ಕೆ ಬಾಟಲಿಯ ನೀರು ಸುರಿದು ಏಳು ನದಿಗಳನ್ನು ಕರೆಯತೊಡಗಿದರು. ಅದೇ ಹೊತ್ತಿಗೆ ಚಕ್ರದ ಸದ್ದು ಬದಲಾಯಿತು, ರೈಲು ಸೇತುವೆಯ ಮೇಲೆ ಬಂತು. ಯಾರೋ "ನರ್ಮದಾ, ನರ್ಮದಾ" ಎಂದರು. ಆ ತಾಯಿ ಮಂತ್ರವನ್ನು ನಿಲ್ಲಿಸಿ ಕಿಟಕಿಯ ಸರಳಿಗೆ ಹಣೆ ಒತ್ತಿದರು. ಕೆಳಗೆ ಅಗಲವಾದ ನೀರು. ಸೇತುವೆ ದಾಟಿದ ಮೇಲೆ ನನ್ನ ಕಡೆ ತಿರುಗಿ, "ಮದುವೆಯಾದಾಗಿನಿಂದ ಇವಳ ಹೆಸರು ಕರೆಯುತ್ತಿದ್ದೇನೆ, ಸ್ವಾಮಿ. ಮುಖ ನೋಡಿದ್ದು ಇವತ್ತು" ಎಂದರು.

ನಿತ್ಯಪೂಜೆ ಎಂದರೆ ದಿನವೂ ಕರೆಯುವುದು, ಯಾತ್ರೆ ಎಂದರೆ ಹಾಗೆ ಕರೆಯುತ್ತಿದ್ದವರ ಮುಖ ನೋಡಲು ಒಂದು ಸಲ ಹೊರಟು ಹೋಗುವುದು. ಆ ತಾಯಿಯ ಮಾತಿನಿಂದ ನಾನು ಕಲಿತದ್ದು ಇದು. ಮನೆಯಲ್ಲಿ ಕರೆಯದೆ ಇದ್ದವನಿಗೆ ಕಾಶಿಯಲ್ಲಿ ಕಾಣುವುದು ಗಲ್ಲಿ, ಗದ್ದಲ, ಗೂಳಿ. ಹಿಂದಿನವರೂ ಇದನ್ನು ಬಲ್ಲರು. ಯಾರ ಕೈ, ಕಾಲು, ಮನಸ್ಸು ಹತೋಟಿಯಲ್ಲಿವೆಯೋ ಅವನಿಗೆ ತೀರ್ಥದ ಫಲ ಎಂದು ಮಹಾಭಾರತದ ವನಪರ್ವ ಹೇಳುತ್ತದೆ. ಯಜ್ಞ ಮಾಡಲು ಹಣವಿಲ್ಲದ ಬಡವನಿಗೂ ಎಟುಕುವ ಪುಣ್ಯ ಎಂದೇ ಅಲ್ಲಿ ತೀರ್ಥಯಾತ್ರೆಯನ್ನು ಹೊಗಳಿರುವುದು. ಯುಗಾದಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ, ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರನ್ನು ನೋಡಿ. ದಾರಿಯುದ್ದಕ್ಕೂ ಯಾರೋ ಮಜ್ಜಿಗೆ ಕೊಡುತ್ತಾರೆ, ಯಾರೋ ಕಾಲಿಗೆ ಎಣ್ಣೆ ಹಚ್ಚುತ್ತಾರೆ. ಮನೆಯಲ್ಲಿ ನಾವು ಯಜಮಾನರು, ದಾರಿಯಲ್ಲಿ ಯಾರದೋ ಕೈಯ ಮಜ್ಜಿಗೆ ಕುಡಿಯುವ ಅತಿಥಿಗಳು. ಆ ಅನುಭವ ದೇವರಮನೆಯಲ್ಲಿ ಕುಳಿತರೆ ಸಿಗುವುದಿಲ್ಲ.

ಆದರೆ ಎಂದು ಹೋಗಬೇಕು, ಯಾರನ್ನು ಬಿಟ್ಟು ಹೋಗಬೇಕು ಎಂಬ ಪ್ರಶ್ನೆ ಬೇರೆಯೇ. ಪಂಢರಪುರದ ಪುಂಡಲೀಕನ ಕಥೆ ನಿಮಗೆ ಗೊತ್ತಿರುತ್ತದೆ. ಇಟ್ಟಿಗೆಯ ಮೇಲೆ ನಿಂತ ವಿಠ್ಠಲನನ್ನು ಎಲ್ಲರೂ ನೆನೆಯುತ್ತಾರೆ, ಅದಕ್ಕೂ ಹಿಂದಿನ ಭಾಗವನ್ನು ಹೆಚ್ಚಿನವರು ಮರೆಯುತ್ತಾರೆ. ಪುಂಡಲೀಕ ಮೊದಲು ತಂದೆತಾಯಿಯರನ್ನು ಕಡೆಗಣಿಸಿ ಕಾಶಿಗೆ ಹೊರಟವನು. ದಾರಿಯಲ್ಲಿ ಕುಕ್ಕುಟ ಋಷಿಯ ಆಶ್ರಮದಲ್ಲಿ ತಂಗುತ್ತಾನೆ. ಬೆಳಗಿನ ಜಾವ ಮಾಸಿದ ಸೀರೆಯ ಹೆಂಗಸರು ಬಂದು ಅಂಗಳ ಗುಡಿಸಿ, ನೀರು ತುಂಬಿ, ಬಟ್ಟೆ ಒಗೆದು, ಹೊರಡುವಾಗ ಶುಭ್ರವಾಗಿ ಹೊಳೆಯುವುದನ್ನು ಕಾಣುತ್ತಾನೆ. ಯಾರೆಂದು ಕೇಳಿದರೆ ಅವರು ಗಂಗೆ ಯಮುನೆ ಮೊದಲಾದ ನದಿಗಳು, ಮಿಂದವರ ಪಾಪದಿಂದ ಮಾಸಿದ ಮೈಯನ್ನು ತೊಳೆದುಕೊಳ್ಳಲು ಬರುತ್ತಿದ್ದವರು. ಆ ಋಷಿ ಕಾಶಿಯನ್ನು ಕಂಡವನೇ ಅಲ್ಲ, ತಂದೆತಾಯಿಯರ ಸೇವೆಯಲ್ಲಿ ಇದ್ದವನು. ಪುಂಡಲೀಕ ಅಲ್ಲಿಂದಲೇ ಹಿಂದಿರುಗುತ್ತಾನೆ. ಮುಂದೆ ದೇವರೇ ಬಾಗಿಲಿಗೆ ಬಂದಾಗ, ತಂದೆತಾಯಿಯರ ಕಾಲೊತ್ತುತ್ತಿದ್ದವನು ಏಳದೆ, ಇಟ್ಟಿಗೆಯೊಂದನ್ನು ಸರಿಸಿ ಕಾಯಲು ಹೇಳುತ್ತಾನೆ. ಆಷಾಢ ಏಕಾದಶಿಗೆ ಲಕ್ಷಾಂತರ ಜನ ನಡೆದು ಹೋಗುವ ಆ ಕ್ಷೇತ್ರ ಹುಟ್ಟಿದ್ದು ಯಾತ್ರೆಯನ್ನು ಅರ್ಧಕ್ಕೆ ಬಿಟ್ಟು ಮನೆಗೆ ಬಂದವನಿಂದ. ಮಾವನವರ ಮೈ ಒರೆಸಿ, ಮಗ್ಗುಲು ಬದಲಾಯಿಸಿ, ಬಟ್ಟೆ ಒಗೆದು ಶಾಲೆಗೆ ಹೋಗುವ ನೀವು ಪೂಜೆ ತಪ್ಪಿತೆಂದು ಅಳುವಾಗ ಈ ಕಥೆ ನನ್ನ ಕಣ್ಣ ಮುಂದೆ ಬರುತ್ತದೆ.

ಇನ್ನು ನಿಮಗಿರುವ ದಾರಿಗಳು. ಮಾವನವರನ್ನೂ ಕರೆದುಕೊಂಡು ಹೋಗುವ ಯೋಚನೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಪ್ರಯಾಣದಲ್ಲಿ ಹಾಸಿಗೆ ಹುಣ್ಣು, ನೀರಿನಂಶ ಕಡಿಮೆಯಾಗುವುದು, ಹೊಸ ಜಾಗದಲ್ಲಿ ದಿಗಿಲು, ಇವೆಲ್ಲವನ್ನೂ ಅವರು ತಾಳಲಾರರು. ನೀವಿಬ್ಬರೂ ಒಟ್ಟಿಗೆ ಹೊರಟು ಅವರನ್ನು ಸಂಬಳದ ಸಹಾಯಕರ ಕೈಗೆ ಒಪ್ಪಿಸುವುದೂ ನನಗೆ ಸರಿಯೆನಿಸದು. ನೆನಪು ಹೋದವರಿಗೆ ಪರಿಚಿತ ಮುಖವೊಂದೇ ಆಸರೆ. ನನ್ನ ಸಲಹೆ: ನಿಮ್ಮ ಶಾಲೆಯ ರಜೆಯಲ್ಲಿ ನೀವು ನಾದಿನಿಯೊಡನೆ ನಾಲ್ಕೈದು ದಿನದ ಮಟ್ಟಿಗೆ ವಿಮಾನದಲ್ಲಿ ಹೋಗಿ ಬನ್ನಿ. ಅಷ್ಟು ದಿನ ಯಜಮಾನರು ತಂದೆಯ ಬಳಿ ಇರಲಿ, ಎತ್ತಿ ಕೂರಿಸಲು ಹಗಲಿಗೊಬ್ಬ ಸಹಾಯಕರಿರಲಿ. ಶ್ರಾದ್ಧ, ಪಿಂಡಪ್ರದಾನ ಮಗನಿಗೇ ಸೇರಿದ್ದು, ಅದನ್ನು ಅವರು ಮುಂದೆಂದಾದರೂ ಮಾಡಲಿ. ಗಂಗಾಸ್ನಾನಕ್ಕೆ, ವಿಶ್ವನಾಥನ ದರ್ಶನಕ್ಕೆ ಅವರೇ ಬರಬೇಕೆಂದಿಲ್ಲ.

ಹೋಗಲಾಗದವರಿಗಾಗಿ ಹಿಂದಿನವರು ಮಾಡಿಟ್ಟಿರುವ ಒಂದು ವಿಧಿಯಿದೆ, ಈಗ ಹೆಚ್ಚು ಜನರಿಗೆ ಗೊತ್ತಿಲ್ಲ. ದರ್ಭೆಯಿಂದ ಒಂದು ಪುಟ್ಟ ಪ್ರತಿಕೃತಿ ಕಟ್ಟಿ, ಯಾರನ್ನು ಉದ್ದೇಶಿಸಿ ಮುಳುಗಿಸುತ್ತೇವೆಯೋ ಅವರಿಗೆ ಆ ಸ್ನಾನದ ಫಲದಲ್ಲಿ ಪಾಲು ಎಂದು ಸ್ಮೃತಿವಚನ. ಎಂಟನೆಯ ಒಂದು ಭಾಗ ಎಂದು ಒಂದು ಕಡೆ, ಹನ್ನೆರಡನೆಯ ಒಂದು ಭಾಗ ಎಂದು ಇನ್ನೊಂದು ಕಡೆ ಲೆಕ್ಕವಿದೆ. ತಾಯಿ, ತಂದೆ, ಸೋದರ, ಗೆಳೆಯ, ಗುರು ಎಂದು ಅಲ್ಲಿ ಹೆಸರಿಸಿದ್ದಾರೆ. ನೀರಿಗಿಳಿಯುವಾಗ ಎರಡು ದರ್ಭೆಯ ಗಂಟು ಒಯ್ಯಿರಿ, ಒಂದು ಅತ್ತೆಯವರ ಹೆಸರಿನಲ್ಲಿ, ಒಂದು ಮಾವನವರ ಹೆಸರಿನಲ್ಲಿ. ಭಾಗದ ಲೆಕ್ಕವನ್ನು ದೇವರಿಗೆ ಬಿಡಿ.

ಹೊರಡುವುದಾದರೆ ಕೆಲವು ಎಚ್ಚರಿಕೆ. ಮಳೆಗಾಲದಲ್ಲಿ ಗಂಗೆ ಏರಿ ಘಟ್ಟಗಳೇ ಮುಳುಗುತ್ತವೆ. ಡಿಸೆಂಬರ್, ಜನವರಿಯಲ್ಲಿ ಮಂಜಿನಿಂದ ಪ್ರಯಾಣ ತಡವಾಗುತ್ತದೆ. ನೀರಿನ ಅಂಚಿನ ಕೊನೆಯ ಮೆಟ್ಟಿಲುಗಳಲ್ಲಿ ಪಾಚಿಯಿರುತ್ತದೆ. ನಮ್ಮ ತಂಡದ ಒಬ್ಬರು ಅಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡದ್ದನ್ನು ನೋಡಿದ ಮೇಲೆ ನಾನು ಎಲ್ಲರಿಗೂ ಕುಳಿತೇ ಇಳಿಯಲು ಹೇಳುತ್ತೇನೆ. ಮೂರು ಮುಳುಗು ಹಾಕಲಾಗದಿದ್ದರೆ ತಲೆಗೆ ಪ್ರೋಕ್ಷಣೆ ಮಾಡಿಕೊಂಡರೂ ಆಯಿತು. ಸಂಕಲ್ಪಕ್ಕೆ ಕೂರುವ ಮೊದಲೇ ದಕ್ಷಿಣೆ ಎಷ್ಟೆಂದು ಬಾಯಿಬಿಟ್ಟು ಕೇಳಿ. ಸಂಕಲ್ಪದ ನಡುವೆ ನಿಮ್ಮ ಬಾಯಿಂದಲೇ ದೊಡ್ಡ ಮೊತ್ತವೊಂದನ್ನು ಸಂಸ್ಕೃತದಲ್ಲಿ ಹೇಳಿಸಿ, ಆಮೇಲೆ ಮಾತು ಕೊಟ್ಟಿದ್ದೀರಿ ಎನ್ನುವವರಿದ್ದಾರೆ. ನಮ್ಮ ವೃತ್ತಿಯವರ ಬಗ್ಗೆ ಇದನ್ನು ಬರೆಯಲು ನೋವಾಗುತ್ತದೆ, ಬರೆಯದಿದ್ದರೆ ನಿಮಗೆ ಅನ್ಯಾಯ. ಕಾಶಿಯಲ್ಲಿ ಜಂಗಮವಾಡಿ ಮಠವಿದೆ, ಕರ್ನಾಟಕದ ಹೆಸರಿನದೇ ಘಟ್ಟವಿದೆ. ಆ ಸುತ್ತಿನಲ್ಲಿ ಕನ್ನಡ ಬಲ್ಲವರು ಸಿಗುತ್ತಾರೆ. ರಾಜ್ಯದ ಮುಜರಾಯಿ ಇಲಾಖೆ ಕಾಶಿ ಯಾತ್ರಿಕರಿಗೆ 2022ರಲ್ಲಿ 5,000 ರೂಪಾಯಿಯ ಸಹಾಯಧನ ಆರಂಭಿಸಿತು. ಹೊರಡುವ ಮುನ್ನ ಈಗಿನ ನಿಯಮ ವಿಚಾರಿಸಿಕೊಳ್ಳಿ.

ಮೊದಲು ರಾಮೇಶ್ವರ, ಆಮೇಲೆ ಕಾಶಿ ಎಂಬುದು ಕಡ್ಡಾಯವಲ್ಲ. ಸೇತುವಿನ ಮರಳನ್ನು ಪ್ರಯಾಗದಲ್ಲಿ ಬಿಟ್ಟು, ಗಂಗೆಯ ನೀರನ್ನು ತಂದು ರಾಮನಾಥನಿಗೆ ಎರೆಯುವ ಸುಂದರವಾದ ರೂಢಿ ಅದು, ಅನುಕೂಲವಿದ್ದವರು ನಡೆಸುತ್ತಾರೆ. ಕಾಶಿಯಲ್ಲಿ ಇಷ್ಟದ ತರಕಾರಿ, ಹಣ್ಣು ಬಿಟ್ಟು ಬರುವುದೂ ಹಾಗೆಯೇ. ಬಿಡುವುದಿದ್ದರೆ ಈ "ದೋಷವೇನೋ" ಎಂಬ ಮಾತನ್ನು ಬಿಟ್ಟು ಬನ್ನಿ.

ಈ ವರ್ಷ ಯಾವುದೂ ಆಗದೆಂದರೆ ಒಂದು ಭಾನುವಾರ ಹತ್ತಿರದ ಹೊಳೆಗೆ ಹೋಗಿ. ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು, ದಕ್ಷಿಣಕಾಶಿ ಎಂದೇ ಹೆಸರಾದ ನಂಜನಗೂಡು, ಗೋಕರ್ಣ, ಯಾವುದು ಕೈಗೆಟುಕಿದರೆ ಅದು. ಬೆಳಗ್ಗೆ ಹೋಗಿ ರಾತ್ರಿಯೊಳಗೆ ಮಾವನವರ ಬಳಿ ಬಂದುಬಿಡುವಷ್ಟು ದೂರದ್ದನ್ನು ಆರಿಸಿಕೊಳ್ಳಿ. ಯಾತ್ರೆಗೆ ಮನೆಯನ್ನು ಬಿಟ್ಟು ಹೊರಡುವುದು ಮುಖ್ಯ, ಎಷ್ಟು ಕಿಲೋಮೀಟರ್ ಎಂಬುದು ಆಮೇಲಿನ ಮಾತು.

ಆ 35,000 ರೂಪಾಯಿಯ ಹೋಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಡಿಸಬೇಡಿ. ಅಷ್ಟು ಹಣ ಕೈಯಲ್ಲಿದ್ದರೆ ಯಜಮಾನರ ಮಂಡಿಯನ್ನು ಒಳ್ಳೆಯ ಮೂಳೆ ವೈದ್ಯರಿಗೆ ತೋರಿಸಿ, ಉಳಿದದ್ದು ನಿಮ್ಮ ಕಾಶಿಯ ಖರ್ಚಿಗೆ. ಮಗಳ ಹತ್ತಿರ ಮಾತ್ರ ಒಂದು ಸಲ ಬಿಡುವಾಗಿ ಕುಳಿತು ಮಾತಾಡಿ. ಮುರಿದ ಮದುವೆಗೆ ಅಜ್ಜಿಯ ಹರಕೆ ಕಾರಣ ಎಂಬ ಮಾತು ಅವಳ ಕಿವಿಗೂ ಬಿದ್ದಿರುತ್ತದೆ. ಆ ಭಾರವನ್ನು ಅವಳ ತಲೆಯಿಂದ ಇಳಿಸಬೇಕಾದವರು ನೀವೇ.

ಮುಡಿಪನ್ನು ಮನೆದೇವರಿಗೆ ಒಯ್ಯುವ ಮೊದಲು ಒಂದು ಕೆಲಸ ಮಾಡಿ. ಬೆಳಗಿನ ಪೂಜೆಯಾದ ಮೇಲೆ ಅದನ್ನು ಮಾವನವರ ಅಂಗೈಗೆ ಕೊಡಿ. ಯಾವ ದೇವರದು ಎಂದು ಪದೇ ಪದೇ ಕೇಳಿ ಅವರನ್ನು ಗಾಬರಿಪಡಿಸಬೇಡಿ. ಬಟ್ಟೆಯ ಗಂಟು, ನಾಣ್ಯದ ಸದ್ದು, ಬೆಳ್ಳಿಯ ತಣ್ಪು ಸುಮ್ಮನೆ ಕೈಯಲ್ಲಿರಲಿ. ನೀವು ಪಕ್ಕದಲ್ಲಿ ಕುಳಿತು ನಿಮ್ಮ ಮನೆಯವರು ನಡೆದುಕೊಳ್ಳುವ ದೇವರ ಹೆಸರುಗಳನ್ನು ಒಂದೊಂದಾಗಿ, ನಿಧಾನವಾಗಿ ಹೇಳಿ. ಎಷ್ಟೋ ಮನೆಗಳಲ್ಲಿ ಮಕ್ಕಳ ಹೆಸರು ಮರೆತವರು ಮನೆದೇವರ ಹೆಸರಿಗೆ ಕೈ ಮುಗಿದದ್ದನ್ನು ನಾನು ನೋಡಿದ್ದೇನೆ. ಮುಗಿಯದಿದ್ದರೂ ಚಿಂತೆಯಿಲ್ಲ. ಆಮೇಲೆ ತಲೆಯ ಕೆಳಗೆ ಇನ್ನೊಂದು ದಿಂಬು ಕೊಟ್ಟು, ನುಂಗುವಾಗ ಗಂಟಲಿಗೆ ಹತ್ತದಂತೆ, ತುಟಿಗೆ ಒಂದೇ ಹನಿ ತೀರ್ಥ ಹಾಕಿ.